ವಿಶ್ವಾಸದಿಂದ ಬಂದವರಿಗೆಲ್ಲಾ ತೆರೆದ ಬಾಗಿಲು

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಿಂದ ವಾಚಕರು ಸಾಮಾನ್ಯವಾಗಿ ನಿರೀಕ್ಷಿಸುವದು ಕಟ್ಟಡ, ಪರೀಕ್ಷಾಫಲ, ಆಟಪಾಟ ಇವುಗಳ ವರದಿಯನ್ನು. ಆ ವರದಿಯು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಉಂಟು. ಇಲ್ಲಿ ನಾವು ಮತ್ತೊಂದು ವಿಷಯವನ್ನು ಕುರಿತು ನಮ್ಮ ಅಭಿಪ್ರಾಯವನ್ನು ತಿಳಿಸಲು ಅಪ್ಪಣೆ ಬೇಡುತ್ತೇವೆ. ಇದು ನಾವಾಗಿ ಆರಿಸಿಕೊಂಡ ವಿಷಯವಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರೇ ನಮ್ಮ ಮುಂದೆ ತಂದಿಟ್ಟದ್ದು. ಅವರು ಕಾಗದ ಬರೆಯುವಾಗಲೂ, ಮಕ್ಕಳನ್ನು ಶಾಲೆಗೆ ಸೇರಿಸಲು ಬಂದು ನಮ್ಮ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಕುಳಿತಿರುವಾಗಲೂ, ಬೇರೆ ಬೇರೆ ಮಾತುಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಒಬ್ಬಳು ಮದುವೆಯಾದಂದಿನಿಂದ ಪ್ರಾರ್ಥನೆಯನ್ನು ಬಿಟ್ಟಿದ್ದಾಳೆ. ಮತ್ತೊಬ್ಬಳ ಸಂಸಾರವು ಮುರಿದುಹೋಗಿದೆ. ಇನ್ನೊಬ್ಬಳು ಯಾರಿಗೂ ಹೇಳಲಾರದ ತಪ್ಪೊಂದನ್ನು ಎದೆಯಲ್ಲಿ ಹೊತ್ತುಕೊಂಡಿದ್ದಾಳೆ. ಮೂವರೂ ಕೇಳುವದು ಇಷ್ಟೇ: "ಅಮ್ಮಾ, ನನ್ನಂಥವಳನ್ನು ದೇವರು ಸೇರಿಸಿಕೊಳ್ಳುವನೋ?"

ಈ ಪ್ರಶ್ನೆಗೆ ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ವಿಶ್ವಾಸದಿಂದ ತನ್ನ ಬಳಿಗೆ ಬರುವ ಯಾರನ್ನೂ ದೇವರು ಹೊರಗೆ ನಿಲ್ಲಿಸುವದಿಲ್ಲ. ಇದು ಕ್ರೈಸ್ತ ಮತದ ಒಂದು ಮೂಲೆಯಲ್ಲಿರುವ ಉಪದೇಶವಲ್ಲ. ಅದರ ಹೃದಯವೇ ಇದಾಗಿದೆ. ಇದರೊಡನೆ ಎರಡನೆಯ ಮಾತೊಂದನ್ನೂ ಹೇಳಬೇಕು. ಈ ಭರವಸೆಯನ್ನು ನಂಬುವವರು, ದೇವರ ಬಾಗಿಲಿನ ಮುಂದೆ ತಮ್ಮದೊಂದು ಬಾಗಿಲನ್ನು ಕಟ್ಟಿ, ಅದಕ್ಕೆ ಅಗಳಿ ಹಾಕಿ ಕಾವಲು ಕೂತುಕೊಳ್ಳಬಾರದು. ಮೊದಲನೆಯ ಮಾತನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಒಪ್ಪುತ್ತಾರೆ. ಎರಡನೆಯದನ್ನು ಒಪ್ಪಿದವರು ಕಡಿಮೆ. ನಡೆಸಿದವರು ಮತ್ತೂ ಕಡಿಮೆ.

ಶಾಲೆಯ ಬಾಗಿಲು ಒಂದು ಬಗೆಯದು. ನಮ್ಮಲ್ಲಿಗೆ ಸೇರಬೇಕಾದ ಹುಡುಗಿಯು ಅರ್ಜಿಯನ್ನು ತರಬೇಕು, ಹುಟ್ಟಿದ ತಾರೀಖಿನ ದಾಖಲೆಯನ್ನು ತರಬೇಕು, ಹಿಂದಿನ ಶಾಲೆಯ ವರ್ಗಾವಣೆ ಪತ್ರವನ್ನೂ ಅಂಕಪಟ್ಟಿಯನ್ನೂ ತರಬೇಕು. ತರಗತಿಯಲ್ಲಿರುವ ಬೆಂಚುಗಳಿಗೆ ಲೆಕ್ಕವುಂಟು. ಆದಕಾರಣ ಕೆಲವರನ್ನು ನಾವು ದುಃಖದಿಂದ ಹಿಂದಕ್ಕೆ ಕಳುಹಿಸಬೇಕಾಗುತ್ತದೆ. ಈ ಕಟ್ಟುಪಾಡುಗಳಿಲ್ಲದೆ ಶಾಲೆಯು ನಡೆಯಲಾರದು. ಇವುಗಳನ್ನು ನಾವು ದೂರುವದಿಲ್ಲ. ಆದರೆ ಹತ್ತು ವರುಷ ಹಾಜರಿ ಪುಸ್ತಕ, ಅಂಕಪಟ್ಟಿ, ದರ್ಜೆ ಇವುಗಳ ನಡುವೆ ಬೆಳೆದ ಹುಡುಗಿಯು, ಯಾರೂ ಹಲಗೆಯ ಮೇಲೆ ಬರೆಯದ ಒಂದು ಪಾಠವನ್ನು ತಾನಾಗಿಯೇ ಕಲಿತುಬಿಡುತ್ತಾಳೆ. ದೇವರ ಬಳಿಯಲ್ಲಿಯೂ ಇಂಥದೊಂದು ರಿಜಿಸ್ಟರಿದೆ, ಅಲ್ಲಿಯೂ ಅಂಕಗಳು ಕಡಿಮೆಯಾದರೆ ಫೇಲು, ಎಂದು ಅವಳು ಎಣಿಸಿಕೊಳ್ಳುತ್ತಾಳೆ. ಮೊದಲನೆಯ ಸ್ಥಾನದವಳು ದೇವರು ತನ್ನನ್ನು ಮೆಚ್ಚಿದ್ದಾನೆಂದು ತಿಳಿಯುತ್ತಾಳೆ. ಹಿಂದಿನ ಬೆಂಚಿನವಳು ಅಲ್ಲಿಯೂ ತನಗೆ ಹಿಂದಿನ ಬೆಂಚೇ ಎಂದು ತಿಳಿಯುತ್ತಾಳೆ. ಇಬ್ಬರ ತಿಳಿವಳಿಕೆಯೂ ತಪ್ಪು. ನಮ್ಮ ಶಾಲೆಯಿಂದ ಹೊರಗೆ ಹೋದವರು ಬೀಜಗಣಿತವನ್ನು ಮರೆತರೂ ಚಿಂತೆಯಿಲ್ಲ. ಈ ತಪ್ಪು ಪಾಠವನ್ನು ಮಾತ್ರ ಮರೆಯಬೇಕೆಂದು ನಮ್ಮ ಆಶೆ.

ಕರ್ತನಾದ ಯೇಸುವಿನ ನಡೆಯನ್ನು ನೋಡಿರಿ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ತಪ್ಪಿಹೋದ ಕುರಿ, ಕಳೆದುಹೋದ ನಾಣ್ಯ, ಮನೆಬಿಟ್ಟ ಮಗ ಎಂಬ ಮೂರು ಸಾಮ್ಯಗಳಿವೆ. ಇವುಗಳನ್ನು ಚಿಕ್ಕ ಮಕ್ಕಳೂ ಬಲ್ಲರು. ಆದರೆ ಅವುಗಳನ್ನು ಆತನು ಹೇಳಿದ ಸಂದರ್ಭವನ್ನು ದೊಡ್ಡವರೂ ಮರೆಯುತ್ತಾರೆ. ಪಾಪಿಗಳನ್ನು ಬರಮಾಡಿಕೊಂಡು ಅವರ ಸಂಗಡ ಊಟಮಾಡುತ್ತಾನೆಂದು ಫರಿಸಾಯರೂ ಶಾಸ್ತ್ರಿಗಳೂ ಗೊಣಗುಟ್ಟಿದಾಗ, ಆ ಗೊಣಗಾಟಕ್ಕೆ ಉತ್ತರವಾಗಿ ಈ ಸಾಮ್ಯಗಳು ಹೊರಟವು. ಮೂರನೆಯ ಸಾಮ್ಯದಲ್ಲಿ ಎರಡು ಸಂಗತಿಗಳು ನಮ್ಮ ಗಮನಕ್ಕೆ ಯೋಗ್ಯವಾಗಿವೆ. ಮಗನು ಇನ್ನೂ ದೂರದಲ್ಲಿರುವಾಗಲೇ ತಂದೆಯು ಅವನನ್ನು ಕಂಡು ಓಡಿಬಂದನು; ಅಂದರೆ ಅವನು ದಾರಿಯನ್ನು ನೋಡುತ್ತಲೇ ಇದ್ದನೆಂದು ಭಾವವು. ಮಗನು ತನ್ನನ್ನು ಕೂಲಿಯಾಳಾಗಿ ಇಟ್ಟುಕೊಳ್ಳಬೇಕೆಂದು ಬೇಡುವದಕ್ಕೆ ಒಂದು ಮಾತನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದನು. ಅದನ್ನು ಪೂರ್ತಿಯಾಗಿ ಹೇಳುವದರೊಳಗೆ ತಂದೆಯು ಆಳುಗಳನ್ನು ಕರೆದು ಅಂಗಿ, ಉಂಗುರ, ಜೋಡುಗಳನ್ನು ತರಿಸಿದನು. ಮಗನು ಕೇಳಬೇಕೆಂದಿದ್ದದ್ದು ಆಳಿನ ಕೂಲಿ. ಅವನಿಗೆ ದೊರಕಿದ್ದು ಮಗನ ಸ್ಥಾನ.

ಸ್ತ್ರೀಯರಾದ ನಮಗೆ ಸುವಾರ್ತೆಯಲ್ಲಿ ಇನ್ನೂ ಹತ್ತಿರದ ಸಾಕ್ಷಿಗಳುಂಟು. ಹನ್ನೆರಡು ವರುಷ ರಕ್ತಸ್ರಾವದಿಂದ ನರಳಿ, ಇದ್ದದ್ದನ್ನೆಲ್ಲಾ ವೈದ್ಯರಿಗೆ ಸುರಿದು, ಧರ್ಮಶಾಸ್ತ್ರದ ಪ್ರಕಾರ ಮುಟ್ಟಬಾರದವಳಾಗಿದ್ದ ಹೆಂಗಸು ಜನಸಂದಣಿಯಲ್ಲಿ ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟಿದಳು. ಆತನು ಅವಳನ್ನು ಗದರಿಸಲಿಲ್ಲ. ಎಲ್ಲರೆದುರಿಗೆ ಮಗಳೆಂದು ಕರೆದನು. ಕಾನಾನ್ಯ ಸ್ತ್ರೀಯು ಅನ್ಯಜನಾಂಗದವಳು. ಶಿಷ್ಯರು ಅವಳನ್ನು ಕಳುಹಿಸಿಬಿಡಬೇಕೆಂದರು. ಆತನಾದರೋ ಅವಳ ವಿಶ್ವಾಸವು ದೊಡ್ಡದೆಂದು ಹೊಗಳಿ ಅವಳ ಮಗಳನ್ನು ಗುಣಪಡಿಸಿದನು. ಸಮಾರ್ಯದ ಸ್ತ್ರೀಯು ಊರಿನವರು ಬಾರದ ಬಿಸಿಲು ಹೊತ್ತಿನಲ್ಲಿ ಒಬ್ಬಳೇ ಬಾವಿಗೆ ಬಂದವಳು. ಅವಳ ಗತಜೀವನವೆಲ್ಲಾ ಆತನಿಗೆ ತಿಳಿದಿತ್ತು. ತಿಳಿದೂ ಆತನು ಅವಳ ಕೈಯಿಂದ ನೀರು ಕೇಳಿದನು. ಇವರಲ್ಲಿ ಒಬ್ಬಳಾದರೂ ಮೊದಲು ಯೋಗ್ಯಳಾಗಿ ಆಮೇಲೆ ಬಂದವಳಲ್ಲ. ಬಂದದ್ದರಿಂದಲೇ ಅವರ ಬಾಳು ಬೇರೆಯಾಯಿತು.

ಹಾಗಾದರೆ ಈ ವಿಶ್ವಾಸವೆಂದರೇನು? ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ಇದನ್ನು ಬಾಯಿಪಾಠ ಮಾಡಿದ ವಿಶ್ವಾಸಪ್ರಮಾಣವೆಂದು ತಿಳಿಯುತ್ತಾರೆ. ಕೆಲವರು ಕಣ್ಣೀರು ತರುವ ಒಂದು ಭಾವವೇಶವೆಂದು ತಿಳಿಯುತ್ತಾರೆ. ವಿಶ್ವಾಸಪ್ರಮಾಣವು ಒಳ್ಳೆಯದು, ಕಣ್ಣೀರೂ ಕೆಟ್ಟದ್ದಲ್ಲ. ಆದರೆ ವಿಶ್ವಾಸವು ಇವೆರಡರಲ್ಲಿ ಯಾವದೂ ಅಲ್ಲ. ಮಾರ್ಕನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ರೋಗಿಯಾದ ಮಗನನ್ನು ಕರತಂದ ತಂದೆಯೊಬ್ಬನು, ತನಗೆ ನಂಬಿಕೆಯುಂಟೆಂದೂ ನಂಬಿಕೆಯ ಕೊರತೆಯೂ ಉಂಟೆಂದೂ ಒಂದೇ ಉಸಿರಿನಲ್ಲಿ ಕೂಗಿಕೊಂಡನು. ಅರ್ಧ ನಂಬಿಕೆಯವನೆಂದು ಕರ್ತನು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ವಿಶ್ವಾಸವೆಂದರೆ ತನ್ನಲ್ಲಿ ಏನೂ ಇಲ್ಲವೆಂದು ಅರಿತು, ಕೊಡಬಲ್ಲವನ ಕಡೆಗೆ ತಿರುಗುವದು. ನಮ್ಮ ನಾಡಿನ ಶ್ರೀವೈಷ್ಣವ ಆಚಾರ್ಯರು ಭಕ್ತನನ್ನು ದೇವರು ಕಾಯುವ ಬಗೆಯನ್ನು ಕುರಿತು ಎರಡು ದೃಷ್ಟಾಂತಗಳನ್ನು ಹೇಳುತ್ತಿದ್ದರೆಂದು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಕೋತಿಯ ಮರಿಯು ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿಕೊಂಡು ಹೋಗುವದು. ಕ್ರೈಸ್ತ ವಿಶ್ವಾಸದಲ್ಲಿ ನಮ್ಮ ಹಿಡಿತವೂ ಉಂಟು, ದೇವರ ಹಿಡಿತವೂ ಉಂಟು. ಆದರೆ ನಮ್ಮ ಭದ್ರತೆಯು ನಿಂತಿರುವದು ನಮ್ಮ ಬೆರಳುಗಳ ಬಲದ ಮೇಲಲ್ಲ, ಆತನ ತೋಳಿನ ಬಲದ ಮೇಲೆ. ನಂಬಿಕೆಯು ಬಲವಾಗಿಲ್ಲವೆಂದು ಅಂಜುವ ಸಹೋದರಿಯರು ಇದನ್ನು ಜ್ಞಾಪಕದಲ್ಲಿಡಬೇಕು.

ಈ ಅಂಜಿಕೆಯು ಹೊಸದಲ್ಲ. ಇಂಗ್ಲೆಂಡಿನ ಜಾನ್ ಬನ್ಯನನು ಹಳೆಯ ಪಾತ್ರೆಗಳನ್ನು ಸರಿಮಾಡಿ ಹೊಟ್ಟೆ ಹೊರೆಯುತ್ತಿದ್ದವನು. ಅಪ್ಪಣೆಯಿಲ್ಲದೆ ಸುವಾರ್ತೆ ಸಾರಿದ್ದಕ್ಕಾಗಿ ಸುಮಾರು ಹನ್ನೆರಡು ವರುಷ ಸೆರೆಮನೆಯಲ್ಲಿದ್ದವನು. 'ಯಾತ್ರಿಕನ ಸಂಚಾರ'ವೆಂದು ಕನ್ನಡಿಗರಿಗೆ ಪರಿಚಿತವಾದ ಅವನ ಗ್ರಂಥದ ಮೊದಲನೆಯ ಭಾಗವು 1678ರಲ್ಲಿ ಪ್ರಕಟವಾಯಿತು. ಅದೇ ವರುಷ ಅವನು ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದ ಮೂವತ್ತೇಳನೆಯ ವಚನವೊಂದನ್ನೇ ಆಧಾರಮಾಡಿಕೊಂಡು ಇಡೀ ಒಂದು ಪುಸ್ತಕವನ್ನು ಬರೆದನು. ನಾನು ದೊಡ್ಡ ಪಾಪಿ, ನಾನು ಮುದಿ ಪಾಪಿ, ನನ್ನ ಮನಸ್ಸು ಕಲ್ಲು, ನಾನು ಹಿಂಜರಿದುಹೋದವನು, ಎಂದು ಅಂಜುವವರು ಒಡ್ಡುವ ಆಕ್ಷೇಪಗಳನ್ನೆಲ್ಲಾ ಅದರಲ್ಲಿ ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ಕ್ರಿಸ್ತನ ಆ ಒಂದೇ ವಾಗ್ದಾನವನ್ನು ಉತ್ತರವಾಗಿ ಕೊಡುತ್ತಾನೆ. ಉತ್ತರವು ಬೇರೆಯಾಗಬೇಕಾದ ಆಕ್ಷೇಪವು ಅವನಿಗೆ ಒಂದೂ ಸಿಕ್ಕಲಿಲ್ಲ.

ನಮ್ಮ ಶಾಲಾ ಪ್ರಾರ್ಥನೆಗಳಲ್ಲಿ ಬಹುಕಾಲದಿಂದ ಪರಿಚಿತವಾದ 'ಜಸ್ಟ್ ಆಸ್ ಐ ಆಮ್' ಎಂಬ ಕೀರ್ತನೆಯೂ ಇದೇ ಅಂಜಿಕೆಯಿಂದ ಹುಟ್ಟಿದ್ದು. ಅದನ್ನು ಬರೆದ ಷಾರ್ಲಟ್ ಎಲಿಯಟ್ ಎಂಬ ಮಹಿಳೆಯು ದೀರ್ಘಕಾಲ ರೋಗದಿಂದ ಬಳಲಿದವಳು. ಬಡ ಪಾದ್ರಿಗಳ ಹೆಣ್ಣುಮಕ್ಕಳಿಗಾಗಿ ಬ್ರೈಟನ್ ಪಟ್ಟಣದಲ್ಲಿ ಒಂದು ಶಾಲೆಯನ್ನು ಕಟ್ಟುವದಕ್ಕೆ ಅವಳ ಅಣ್ಣತಮ್ಮಂದಿರಲ್ಲೊಬ್ಬನು ಹಣ ಕೂಡಿಸುತ್ತಿದ್ದನು. ಮನೆಯವರೆಲ್ಲಾ ಆ ಕೆಲಸದಲ್ಲಿ ಓಡಾಡುತ್ತಿದ್ದಾಗ, ಹಾಸಿಗೆ ಹಿಡಿದಿದ್ದ ತಾನು ಯಾವದಕ್ಕೂ ಉಪಯೋಗವಿಲ್ಲದವಳೆಂಬ ವ್ಯಥೆಯು ಅವಳನ್ನು ಮುತ್ತಿತು ಎಂದು ಹೇಳುತ್ತಾರೆ. ಆ ವ್ಯಥೆಯ ನಡುವೆ, ಇದ್ದ ಹಾಗೆಯೇ ದೇವರ ಬಳಿಗೆ ಬರಬಹುದೆಂಬ ಸಮಾಧಾನವನ್ನು ಅವಳು ಬರೆದಿಟ್ಟಳು. ಕೀರ್ತನೆಯು 1836ರಲ್ಲಿ ಅಚ್ಚಾಯಿತು. ಹೆಣ್ಣುಮಕ್ಕಳ ಶಾಲೆಗಾಗಿ ಏನನ್ನೂ ಮಾಡಲಾರೆನೆಂದು ಕೊರಗಿದವಳ ಪದಗಳು ಎಷ್ಟೋ ಹೆಣ್ಣುಮಕ್ಕಳ ಶಾಲೆಗಳ ಪ್ರಾರ್ಥನೆಯಾದವು.

ಆದರೆ ಈ ವಿಷಯದಲ್ಲಿ ನಮ್ಮ ದೇಶದ ಸ್ತ್ರೀಯರಿಗೆ ಎಲ್ಲಕ್ಕಿಂತ ಸಮೀಪವಾದ ಸಾಕ್ಷಿಯು ಪಂಡಿತಾ ರಮಾಬಾಯಿಯವರದು. ಅವರು 1858ರಲ್ಲಿ ನಮ್ಮ ನಾಡಿಗೆ ಸೇರಿದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು, ಜನರು ಆಕ್ಷೇಪಿಸಿದರೂ ತಮ್ಮ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ ವಿದ್ವಾಂಸರು. ಕ್ಷಾಮದ ಕಾಲದಲ್ಲಿ ರಮಾಬಾಯಿಯವರು ತಂದೆತಾಯಿಗಳನ್ನು ಕಳೆದುಕೊಂಡರು. 1878ರಲ್ಲಿ ಕಲ್ಕತ್ತೆಯ ಪಂಡಿತರು ಅವರ ವಿದ್ಯೆಯನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಮದುವೆಯಾಗಿ, 1882ರಲ್ಲಿ ಎಳೆಯ ಮಗಳೊಡನೆ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿಗೆ ಹೋದರು.

ಅಲ್ಲಿ ಲಂಡನ್ನಿನ ಫುಲ್ಹಾಮ್ ಎಂಬಲ್ಲಿ, ಸಮಾಜವು ಪತಿತೆಯರೆಂದು ತಳ್ಳಿಬಿಟ್ಟ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಸಾಕುವದನ್ನು ಅವರು ಕಂಡರು. ಇಂಥವರ ಮೇಲೆ ನಿಮಗೇಕೆ ಈ ಕನಿಕರವೆಂದು ವಿಚಾರಿಸಿದಾಗ, ಒಬ್ಬ ಸಹೋದರಿಯು ಕ್ರಿಸ್ತನು ಸಮಾರ್ಯದ ಸ್ತ್ರೀಯನ್ನು ಸಂಧಿಸಿದ ವೃತ್ತಾಂತವನ್ನು ಓದಿ ಹೇಳಿದಳು. ತಮ್ಮ ಮನಸ್ಸು ಕ್ರಿಸ್ತನ ಕಡೆಗೆ ನಿಜವಾಗಿ ತಿರುಗಿದ್ದು ಆ ಕಥೆಯಿಂದಲೇ ಎಂದು ರಮಾಬಾಯಿಯವರು ತಾವೇ ಬರೆದಿದ್ದಾರೆ. ಶಾಸ್ತ್ರಗಳನ್ನು ಅರೆದು ಕುಡಿದ ಪಂಡಿತೆಯನ್ನು ಗೆದ್ದದ್ದು ತರ್ಕವಲ್ಲ; ಎಲ್ಲರೂ ದೂರವಿಟ್ಟ ಹೆಂಗಸಿನೊಡನೆ ಬಾವಿಯ ಬಳಿ ಕುಳಿತು ಮಾತನಾಡಿದ ಒಬ್ಬನ ನಡತೆ. ಅದೇ ವರುಷ ಅವರು ದೀಕ್ಷಾಸ್ನಾನ ಹೊಂದಿದರು.

ಇದರ ಮುಂದಿನ ಸಂಗತಿಯನ್ನು ನಮ್ಮ ಓದುಗರು ವಿಶೇಷವಾಗಿ ಲಕ್ಷಿಸಬೇಕು. ದೀಕ್ಷಾಸ್ನಾನವಾಗಿ ಎಂಟು ವರುಷಗಳಾದರೂ ಅವರಿಗೆ ಮನಶ್ಶಾಂತಿಯು ದೊರೆಯಲಿಲ್ಲ. ತಾವು ಕಂಡುಕೊಂಡದ್ದು ಕ್ರೈಸ್ತ ಮತವನ್ನು, ಕ್ರಿಸ್ತನನ್ನಲ್ಲ, ಎಂದು ಅವರು 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷಿಯ ಪುಸ್ತಕದಲ್ಲಿ ತಿಳಿಸಿದ್ದಾರೆ. ತಾವು ಇರುವ ಹಾಗೆಯೇ ಆತನ ಬಳಿಗೆ ಬಂದರೆ ಸಾಕು, ಅದಕ್ಕಾಗಿ ಸಂಪಾದಿಸಬೇಕಾದ ಯೋಗ್ಯತೆ ಯಾವದೂ ಇಲ್ಲ, ಎಂದು ತಿಳಿದ ಮೇಲೆಯೇ ಅವರಿಗೆ ನೆಮ್ಮದಿಯುಂಟಾಯಿತು. ಅಷ್ಟು ದೊಡ್ಡ ವಿದುಷಿಗೇ ಇದನ್ನು ಕಲಿಯಲು ಎಂಟು ವರುಷ ಹಿಡಿದಿದ್ದರೆ, ನಮ್ಮ ವಿದ್ಯಾರ್ಥಿನಿಯರು ನಿಧಾನವಾಗಿ ಕಲಿತಾರೆಂದು ನಾವು ಬೇಸರಗೊಳ್ಳಬೇಕಾಗಿಲ್ಲ.

ಹೀಗೆ ಅಂಗೀಕಾರ ಹೊಂದಿದವರು ಏನು ಮಾಡಿದರು? 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ಆಗಲೇ ತೆರೆದಿದ್ದರು. 1896-97ರ ಮಹಾ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಂದ ಹಸಿದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದು ಪುಣೆಯ ಹತ್ತಿರದ ಕೇಡಗಾಂವಿನ ಮುಕ್ತಿ ಸದನದಲ್ಲಿ ಸಾಕಿದರು. ಅಲ್ಲಿಯೇ ಪತಿತೆಯರೆನಿಸಿಕೊಂಡವರಿಗಾಗಿ ಕೃಪಾ ಸದನವೆಂಬ ಆಶ್ರಯವನ್ನು ಏರ್ಪಡಿಸಿದರು. ಫುಲ್ಹಾಮಿನಲ್ಲಿ ಕಂಡ ಬಾಗಿಲನ್ನು ಅವರು ಭರತಖಂಡದಲ್ಲಿ ತೆರೆದರು. 1922ರಲ್ಲಿ ತೀರಿಕೊಳ್ಳುವ ವರೆಗೂ ಅದನ್ನು ಮುಚ್ಚಲಿಲ್ಲ.

ಇಲ್ಲಿ ಕೆಲವು ಪಾಲಕರು ನಮ್ಮನ್ನು ತಡೆದು ಕೇಳಬಹುದು: "ಎಲ್ಲರಿಗೂ ಬಾಗಿಲು ತೆರೆದಿದೆ ಎಂದರೆ ಶಿಸ್ತಿನ ಗತಿಯೇನು? ತಪ್ಪು ಮಾಡಿದರೂ ನಡೆದೀತು ಎಂದು ಮಕ್ಕಳು ತಿಳಿಯುವದಿಲ್ಲವೇ?" ಶಿಸ್ತಿನ ವಿಷಯದಲ್ಲಿ ನಾವು ಸಡಿಲರಲ್ಲವೆಂಬದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಚೆನ್ನಾಗಿ ಗೊತ್ತು, ಆದಕಾರಣ ನಮ್ಮ ಉತ್ತರವನ್ನು ಅವರು ನಂಬಬಹುದು. ಅಪೊಸ್ತಲನಾದ ಪೌಲನಿಗೂ ಇದೇ ಪ್ರಶ್ನೆಯು ಬಂದಿತ್ತು. ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವು ಅದಕ್ಕೆ ಉತ್ತರವೇ. ಜಕ್ಕಾಯನನ್ನು ನೋಡಿರಿ. ಅವನು ಸುಂಕದವರ ಮುಖ್ಯಸ್ಥನು, ಅನ್ಯಾಯದಿಂದ ಐಶ್ವರ್ಯ ಕೂಡಿಸಿದವನು. ಮೊದಲು ವಂಚಿಸಿದ್ದನ್ನು ಹಿಂದಕ್ಕೆ ಕೊಡು, ಆಮೇಲೆ ನಿನ್ನ ಮನೆಗೆ ಬರುತ್ತೇನೆ, ಎಂದು ಕರ್ತನು ಹೇಳಲಿಲ್ಲ. ಮೊದಲು ಮನೆಗೆ ಹೋದನು. ಆಮೇಲೆ ಜಕ್ಕಾಯನು ಯಾರೂ ಕೇಳದೆ ತಾನಾಗಿ ಎದ್ದುನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ಸುಲುಕೊಂಡದ್ದಕ್ಕೆ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡುವೆನೆಂದನು. ಬೆದರಿಕೆಯಿಂದ ಎರಡರಷ್ಟು ವಸೂಲಾಗುತ್ತಿತ್ತೋ ಇಲ್ಲವೋ. ಅಂಗೀಕಾರದಿಂದ ನಾಲ್ಕರಷ್ಟು ಹೊರಟಿತು. ಶಿಕ್ಷಕಿಯರಾದ ನಾವು ಇದನ್ನು ತರಗತಿಯಲ್ಲಿಯೂ ಕಂಡಿದ್ದೇವೆ. ದಂಡನೆಗೆ ಹೆದರುವ ಹುಡುಗಿಯು ಸುಳ್ಳು ಹೇಳುವದನ್ನು ಕಲಿಯುತ್ತಾಳೆ. ತನ್ನನ್ನು ಬಿಟ್ಟುಬಿಡುವದಿಲ್ಲವೆಂಬ ಧೈರ್ಯವುಳ್ಳ ಹುಡುಗಿಯು ತಪ್ಪನ್ನು ಒಪ್ಪಿಕೊಳ್ಳುವದನ್ನು ಕಲಿಯುತ್ತಾಳೆ. ದೇವರು ಕ್ಷಮಿಸಿದನೆಂದು ನೆರೆಯವರ ಸಾಲವು ತೀರಿಹೋಗುವದಿಲ್ಲ. ತೀರಿಸುವ ಮನಸ್ಸು ಮಾತ್ರ ಆಗ ಹುಟ್ಟುತ್ತದೆ.

ಇನ್ನು ಬೇರೆ ಮತಗಳಿಗೆ ಸೇರಿದ ಪಾಲಕರೊಡನೆ ಒಂದು ಮಾತು. ನಿಮ್ಮ ಹೆಣ್ಣುಮಕ್ಕಳನ್ನು ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸಿದ್ದೀರಿ. ಬರುವದು ಎಂಬ ಶಬ್ದಕ್ಕೆ ಸ್ವಂತ ಕಾಲಿನಿಂದ ನಡೆದು ಬರುವದೆಂದೇ ಅರ್ಥ. ಎಳೆದು ತಂದದ್ದು ಬಂದದ್ದಲ್ಲ. ಶಾಲೆಯಲ್ಲಿ ಒಂದು ಸ್ಥಳ, ಒಂದು ವಿದ್ಯಾರ್ಥಿವೇತನ, ಒಂದು ಒಳ್ಳೆಯ ಮಾತು ಇವುಗಳ ಬೆಲೆಗೆ ಕೊಂಡ ವಿಶ್ವಾಸವು ನಾವು ಇಲ್ಲಿ ಹೇಳುತ್ತಿರುವ ವಿಶ್ವಾಸವೇ ಅಲ್ಲ. ನಮ್ಮ ದೇಶದ ಸಂವಿಧಾನವೂ ತನ್ನ 28ನೆಯ ಅನುಚ್ಛೇದದಲ್ಲಿ, ಸರಕಾರದ ಮನ್ನಣೆ ಅಥವಾ ಸಹಾಯಧನವನ್ನು ಪಡೆದ ಶಾಲೆಯಲ್ಲಿ ಮಕ್ಕಳನ್ನು ಪಾಲಕರ ಸಮ್ಮತಿಯಿಲ್ಲದೆ ಮತೋಪದೇಶಕ್ಕಾಗಲಿ ಆರಾಧನೆಗಾಗಲಿ ಒಳಪಡಿಸಕೂಡದೆಂದು ವಿಧಿಸಿದೆ. ಈ ವಿಧಿಯನ್ನು ನಾವು ಅಡ್ಡಿಯೆಂದು ಎಣಿಸುವದಿಲ್ಲ. ಅದು ನಮ್ಮ ಸುವಾರ್ತೆಯ ಮರ್ಯಾದೆಯನ್ನೇ ಕಾಯುತ್ತದೆ. ತೆರೆದ ಬಾಗಿಲಿನ ಗುಣವೇ ಅದು: ಒಳಗೆ ಬರುವವರನ್ನು ತಡೆಯುವದಿಲ್ಲ, ಹೊರಗಿರುವವರನ್ನು ಬಲಾತ್ಕರಿಸುವದಿಲ್ಲ.

ಈಗ ನಮ್ಮ ಎರಡನೆಯ ಮಾತಿಗೆ ಬರುತ್ತೇವೆ. ಆದಿ ಸಭೆಯಲ್ಲಿಯೂ ಈ ಪಾಠವು ಸುಲಭವಾಗಿ ಇಳಿಯಲಿಲ್ಲ. ಅನ್ಯನಾದ ಕೊರ್ನೇಲ್ಯನ ಮನೆಯೊಳಗೆ ಕಾಲಿಡುವ ಮೊದಲು ಪೇತ್ರನಿಗೆ ಮೂರು ಸಾರಿ ದರ್ಶನವಾಗಬೇಕಾಯಿತು. ಹಾಗೆ ಕಲಿತ ಪೇತ್ರನೇ ಅಂತಿಯೋಕ್ಯದಲ್ಲಿ, ಕೆಲವರು ಏನಂದುಕೊಳ್ಳುವರೋ ಎಂದು ಅಂಜಿ, ಅನ್ಯಜನರ ಪಂಕ್ತಿಯಿಂದ ಎದ್ದುಹೋದನು. ಪೌಲನು ಅವನನ್ನು ಎಲ್ಲರ ಮುಂದೆ ಆಕ್ಷೇಪಿಸಿದನು. ಇದು ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಊಟದ ಪಂಕ್ತಿಯ ವಿಷಯವನ್ನು ಪೌಲನು ಸಣ್ಣದೆಂದು ಬಿಡಲಿಲ್ಲ. ಸುವಾರ್ತೆಯ ಸತ್ಯವೇ ಅಲ್ಲಿ ಅಡಗಿದೆಯೆಂದು ತಿಳಿದನು. ಯಾಕೋಬನೂ ಸಭೆಯಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಆಸನವನ್ನೂ ಬಡವನಿಗೆ ಕಾಲ್ಮಣೆಯ ಬಳಿಯನ್ನೂ ತೋರಿಸುವವರನ್ನು ಬಲವಾಗಿ ಖಂಡಿಸಿದ್ದಾನೆ.

ಪಂಕ್ತಿಭೇದವೆಂದರೇನೆಂದು ಕನ್ನಡ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಅದು ಕ್ರೈಸ್ತ ಸಭೆಗಳೊಳಗೂ ನುಸುಳಿತ್ತೆಂಬದು ಚರಿತ್ರೆಯ ಸಂಗತಿ. ದಕ್ಷಿಣ ಭಾರತದ ಕೆಲವು ಸಭೆಗಳಲ್ಲಿ ಜಾತಿಗೊಂದರಂತೆ ಕುಳಿತುಕೊಳ್ಳುವ ಸ್ಥಳ, ಕರ್ತನ ಭೋಜನದಲ್ಲಿ ಹಿಂದುಮುಂದಿನ ಕ್ರಮ ಇವು ನಡೆಯುತ್ತಿದ್ದವು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು ಪತ್ರವೊಂದನ್ನು ಬರೆದು, ಜಾತಿಭೇದವನ್ನು ಸಭೆಯೊಳಗಿಂದ ಪೂರ್ತಿಯಾಗಿ ಬಿಡಬೇಕೆಂದು ಆಜ್ಞಾಪಿಸಿದರು. ಅದನ್ನು ಸಹಿಸಲಾರದೆ ಅನೇಕರು ಸಭೆಯನ್ನೇ ಬಿಟ್ಟುಹೋದರು. ಸಂಖ್ಯೆಯು ಕುಗ್ಗಿದರೂ ಬಾಗಿಲು ಕಿರಿದಾಗಬಾರದೆಂದು ನಿಂತ ಅವರ ನಿಲುವನ್ನು ನಾವು ಗೌರವಿಸುತ್ತೇವೆ. ಆದರೆ ಆ ಕೆಲಸವು ಮುಗಿಯಿತೆಂದು ಯಾರು ಹೇಳಬಲ್ಲರು? ಭಾನುವಾರ ಒಂದೇ ಪಾತ್ರೆಯಿಂದ ಪಾನಮಾಡುವವರು ಸೋಮವಾರ ಮಗಳಿಗೆ ವರನನ್ನು ಹುಡುಕುವಾಗ ಕುಲವನ್ನು ವಿಚಾರಿಸುತ್ತಾರೆ. ವರದಕ್ಷಿಣೆಯನ್ನು 1961ರ ಕಾನೂನು ನಿಷೇಧಿಸಿದ್ದರೂ 'ಉಡುಗೊರೆ'ಯೆಂಬ ಹೆಸರಿನಲ್ಲಿ ಲೆಕ್ಕ ಹಾಕುತ್ತಾರೆ. ಮದುವೆಯ ಮನೆಯಲ್ಲಿ ವಿಧವೆಯನ್ನು ಹಿಂದಕ್ಕೆ ಸರಿಸುತ್ತಾರೆ. ದೇವರು ಕೇಳದ ಪ್ರಶ್ನೆಗಳನ್ನು ಆತನ ಮಕ್ಕಳು ಕೇಳುತ್ತಾರೆ.

ಗಂಡನು ಬಿಟ್ಟುಹೋದ ಒಬ್ಬ ಹೆಣ್ಣುಮಗಳ ಸಂಗತಿಯನ್ನು ಹೇಳುತ್ತೇವೆ. ಊರಿನ ಹೆಸರು ಬೇಡ. ಅವಳು ತವರಿನಿಂದ ದೂರವಾದ ಪಟ್ಟಣದಲ್ಲಿ ಕೆಲಸ ಹಿಡಿದು, ಮಗುವನ್ನೆತ್ತಿಕೊಂಡು ಅಲ್ಲಿನ ದೇವಾಲಯಕ್ಕೆ ಮೂರು ಭಾನುವಾರ ಹೋದಳು. ಯಾರೂ ಅವಳನ್ನು ಬೈಯಲಿಲ್ಲ, ಹೊರಗೆ ಹೋಗೆನ್ನಲಿಲ್ಲ. ಅವಳು ಕುಳಿತ ಬೆಂಚಿನಲ್ಲಿ ಮಾತ್ರ ಬೇರೆ ಯಾರೂ ಕುಳಿತುಕೊಳ್ಳಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬರೂ ಮಾತನಾಡಿಸಲಿಲ್ಲ. ನಾಲ್ಕನೆಯ ಭಾನುವಾರ ಅವಳು ಹೋಗಲಿಲ್ಲ. ಆ ಸಭೆಯ ಬೋಧಕರು ಆ ದಿನ ಯಾವ ವಾಕ್ಯವನ್ನು ಪ್ರಸಂಗಿಸಿದರೋ ನಮಗೆ ತಿಳಿಯದು. ಅದು ದೇವರ ಕೃಪೆಯನ್ನೇ ಕುರಿತದ್ದಾಗಿದ್ದರೂ, ಬೆಂಚುಗಳು ಅದಕ್ಕೆ ವಿರುದ್ಧವಾಗಿ ಪ್ರಸಂಗಿಸಿಬಿಟ್ಟಿದ್ದವು. ಕೃಪೆಯನ್ನು ಬಾಯಿಂದ ಸಾರುವದಕ್ಕೆ ಒಬ್ಬ ಪಾದ್ರಿಯು ಸಾಕು; ಅದು ನಿಜವೆಂದು ತೋರಿಸುವದಕ್ಕೆ ಪಕ್ಕದಲ್ಲಿ ಬಂದು ಕುಳಿತುಕೊಳ್ಳುವ ಒಬ್ಬ ಹೆಂಗಸು ಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರು ಎಲ್ಲೆಲ್ಲಿ ಇರುವರೋ ಅಲ್ಲಲ್ಲಿ ಆ ಹೆಂಗಸಾಗಲಿ ಎಂದು ಕೇಳಿಕೊಳ್ಳುತ್ತೇವೆ. ಇದಕ್ಕೆ ಹಣ ಬೇಡ, ಸಮಿತಿ ಬೇಡ, ಹೆಚ್ಚಿನ ಓದೂ ಬೇಡ.

ತಂದೆತಾಯಿಗಳಿಗೂ ಒಂದು ವಿಜ್ಞಾಪನೆ. ಮಗುವು ದೇವರ ಮನೆಯ ಬಾಗಿಲನ್ನು ಕಾಣುವ ಮುಂಚೆ ನಿಮ್ಮ ಮನೆಯ ಬಾಗಿಲನ್ನು ಕಾಣುತ್ತದೆ. ಇದು ಹೇಗೋ ಅದೂ ಹಾಗೆಯೇ ಎಂದು ತಿಳಿಯುತ್ತದೆ. ಪ್ರತಿ ವರುಷ ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಶಿಕ್ಷಕಿಯರಾದ ನಮ್ಮ ಎದೆಯು ನಡುಗುವದು ಶಾಲೆಯ ಹೆಸರಿಗಾಗಿ ಅಲ್ಲ. ತೇರ್ಗಡೆಯಾಗದ ಹುಡುಗಿಯು ಯಾವ ಮುಖದಿಂದ ಮನೆಗೆ ಹೋಗಲಿ ಎಂದು ನಿಂತಲ್ಲೇ ನಿಂತಿರುತ್ತಾಳೆ. ಹಾಗೆ ಹೆದರಿ ಮನೆಗೇ ಹೋಗದ ಮಕ್ಕಳ ಸುದ್ದಿಯನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಫಲಿತಾಂಶದ ಮರುದಿನ ಸಮಾಧಾನ ಹೇಳುವದು ತಡವಾದೀತು; ಹಿಂದಿನ ದಿನವೇ ಹೇಳಿರಿ. "ಪಾಸಾದರೂ ಫೇಲಾದರೂ ನೀನು ನಮ್ಮ ಮಗಳು, ಊಟದ ಹೊತ್ತಿಗೆ ಮನೆಗೆ ಬಂದುಬಿಡು" ಎಂಬ ಒಂದು ಮಾತು ಸಾಕು. ಮನೆಯಲ್ಲಿ ಈ ಮಾತನ್ನು ಕೇಳಿ ಬೆಳೆದವಳಿಗೆ, ಮುಂದೆ ದೊಡ್ಡ ಸೋಲಿನ ದಿನದಲ್ಲಿ, ಪರಲೋಕದ ತಂದೆಯೂ ಹೀಗೆಯೇ ಹೇಳುವನೆಂದು ನಂಬುವದು ಕಷ್ಟವಾಗಲಾರದು.

ಕಡೆಯದಾಗಿ, ನಮ್ಮನ್ನು ಆ ಪ್ರಶ್ನೆಯನ್ನು ಕೇಳಿದ ಸಹೋದರಿಯರಿಗೆ. ಸ್ವಲ್ಪ ಸರಿಯಾದ ಮೇಲೆ ದೇವರ ಬಳಿಗೆ ಹೋಗುವೆನು, ಮನಸ್ಸು ತಿಳಿಯಾದ ಮೇಲೆ ಪ್ರಾರ್ಥಿಸುವೆನು, ಎಂದು ನಿಮ್ಮಲ್ಲಿ ಎಷ್ಟೋ ಜನರು ದಿನ ದೂಡುತ್ತಿದ್ದೀರಿ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯಂತಾಯಿತು ಇದು. ಸರಿಯಾಗುವ ತನಕ ನೀವು ಬಾರದಿದ್ದರೆ, ಬರುವ ತನಕ ಸರಿಯಾಗುವದು ಹೇಗೆ? ಒಳ್ಳೆಯ ಮಾತುಗಳು ದೊರೆಯದಿದ್ದರೆ ಮಾತಿಲ್ಲದೆ ಬನ್ನಿರಿ. ನಂಬಿಕೆಯು ಚಿಕ್ಕದಾಗಿದ್ದರೆ ಚಿಕ್ಕದನ್ನೇ ತೆಗೆದುಕೊಂಡು ಬನ್ನಿರಿ. ಬಹಳ ವರುಷಗಳಾದವೆಂದು ನಾಚಬೇಡಿರಿ. ದಾರಿಯನ್ನು ನೋಡುತ್ತಿರುವ ತಂದೆಯು ವರುಷಗಳ ಲೆಕ್ಕ ಕೇಳುವದಿಲ್ಲ. ಈ ಹೊತ್ತಿನ ರಾತ್ರಿ, ಮಕ್ಕಳು ಮಲಗಿದ ಮೇಲೆ, ದೀಪವಾರಿಸುವ ಮುಂಚೆ ಐದು ನಿಮಿಷಗಳು ಸಾಕು.

ನಿಮ್ಮೆಲ್ಲರ ಮನೆಗಳಲ್ಲಿಯೂ ಮನಸ್ಸುಗಳಲ್ಲಿಯೂ ಆತನ ಸಮಾಧಾನವು ನೆಲೆಗೊಳ್ಳಲಿ ಎಂದು ಹಾರೈಸುತ್ತೇವೆ.